ಸೇಫ್ ಡೇಸ್ ಲೆಕ್ಕ ಎಷ್ಟು ಸೇಫ್? ಮಾತ್ರೆ, ವಂಕಿ, ನಿರೋಧ್ ಪಕ್ಕದಲ್ಲಿಟ್ಟು ನೋಡೋಣ

ಹೊಂಬಿಸಿಲು
ಹಾರ್ಮೋನ್ ಬೇಡ, ಆದ್ರೆ ಇನ್ನೆರಡು ವರ್ಷ ಮಗುವೂ ಬೇಡ ಅನ್ನೋರಿಗೆ ನಿಸರ್ಗ ವಿಧಾನ, ಅಂದ್ರೆ ಗರ್ಭ ನಿಲ್ಲೋ ದಿನಗಳನ್ನ ಬಿಟ್ಟು ಸೇರೋದು, ಸಾಕಾಗುತ್ತಾ? ಯಾರನ್ನ ಕೇಳಿದ್ರೂ "ಮುಟ್ಟಾದ ಮೊದಲ ದಿನದಿಂದ ಎಣಿಸಿ 10ರಿಂದ 20ನೇ ದಿನ ಬಿಟ್ಬಿಡಿ, ಮಿಕ್ಕಿದ್ದು ಸೇಫ್" ಅಂತಾರೆ. ಮೊಬೈಲಿನ ಆ್ಯಪ್ ಮಾತ್ರ 11ರಿಂದ 16ಕ್ಕಷ್ಟೇ ಬಣ್ಣ ಹಚ್ಚುತ್ತೆ. ಎರಡರಲ್ಲಿ ಯಾವುದು ಸರಿ? ಕಳೆದ ಆರು ತಿಂಗಳ ನನ್ನ ಮುಟ್ಟಿನ ಚಕ್ರ 27, 29, 28, 31, 27, 30 ದಿನ. "ಡಾಕ್ಟರ್ ಹತ್ರ ಹೋಗಿ" ಅನ್ನೋದು ಗೊತ್ತಿದೆ, ಹೋಗೋದೂ ಇದೆ. ಹೋಗೋಕೆ ಮುಂಚೆ ಲೆಕ್ಕ ಅರ್ಥ ಆಗಬೇಕು, ಬೇರೆ ವಿಧಾನಗಳ ಪಕ್ಕದಲ್ಲಿ ಇದು ಎಲ್ಲಿ ನಿಲ್ಲುತ್ತೆ ಅಂತ ತಿಳೀಬೇಕು.

ಲೆಕ್ಕದ ಪುಸ್ತಕ
ಎರಡೂ ತಪ್ಪು. ಕ್ಯಾಲೆಂಡರ್ ವಿಧಾನದ ಸೂತ್ರ ಹೀಗಿದೆ: ಕನಿಷ್ಠ ಆರು ಚಕ್ರ ಬರೆದಿಟ್ಕೊಂಡಿರಬೇಕು. ಅತಿ ಚಿಕ್ಕ ಚಕ್ರದಿಂದ 18 ಕಳೆಯಿರಿ, ಅತಿ ಉದ್ದದ ಚಕ್ರದಿಂದ 11 ಕಳೆಯಿರಿ. ನಿಮ್ಮದರಲ್ಲಿ 27 − 18 = 9, 31 − 11 = 20. ಅಂದ್ರೆ 9ನೇ ದಿನದಿಂದ 20ನೇ ದಿನದವರೆಗೆ, ಆ ಎರಡೂ ದಿನ ಸೇರಿಸಿ, ಗರ್ಭ ನಿಲ್ಲೋ ಸಾಧ್ಯತೆ ಇರೋ ಕಾಲ.

ಪ್ರತಿ ತಿಂಗಳೂ ಹೊಸ ಚಕ್ರ ಸೇರಿಸಿ, ಹಳೇದು ಬಿಟ್ಟು, ಮತ್ತೆ ಕಳೀಬೇಕು. ಒಂದೇ ಒಂದು ಚಕ್ರ 24 ದಿನಕ್ಕೆ ಬಂತು ಅಂದ್ಕೊಳ್ಳಿ, ಆಗ ಗರ್ಭ ನಿಲ್ಲೋ ಕಾಲದ ಕಿಟಕಿ 6ನೇ ದಿನಕ್ಕೇ ತೆರೆಯುತ್ತೆ. 10–20 ಅನ್ನೋ ಬಾಯಿಪಾಠಕ್ಕೆ ಇದು ಗೊತ್ತೇ ಆಗಲ್ಲ.

ಧಾರವಾಡ ಪೇಡಾ
ಅಲ್ರೀ, ಸೂತ್ರ ಬರೋಬ್ಬರಿ ಅದ. ಆದ್ರ ಅದು ಹಿಂದಿನ ತಿಂಗಳು ನೋಡಿ ಮುಂದಿನ ತಿಂಗಳು ಹೇಳ್ತದ. ಅಲ್ಲೇ ಎಡವೋದು.

ವಾರ್ಡ್ ನಂಬರ್ 4
ಪೇಡಾ ಅವರು ಹೇಳಿದ್ದೇ ಮುಖ್ಯ, ಸ್ವಲ್ಪ ಬಿಡಿಸಿ ಹೇಳ್ತೀನಿ. ಅಂಡಾಣು ಹೊರಬಂದ ಮೇಲೆ ಬದುಕೋದು 12ರಿಂದ 24 ಗಂಟೆ. ವೀರ್ಯಾಣು ಮಾತ್ರ ಗರ್ಭಕೊರಳಿನ ಲೋಳೆ ಒಳ್ಳೇದಿದ್ರೆ ಒಳಗೇ 5 ದಿನದವರೆಗೂ ಕಾಯುತ್ತೆ. ಹಾಗಾಗಿ ಅಪಾಯದ ದಿನ ನಿಜಕ್ಕೂ ಆರೇ: ಅಂಡಾಣು ಬಿಡುಗಡೆಯ ದಿನ, ಅದರ ಹಿಂದಿನ ಐದು ದಿನ. ಆ ಆರು ದಿನ ಯಾವುದು ಅನ್ನೋದು ಮೊದಲೇ ಗೊತ್ತಾಗಲ್ಲ, ಕಷ್ಟ ಇರೋದು ಅಲ್ಲಿ.

ಚಕ್ರದ ಎರಡನೇ ಅರ್ಧ, ಅಂದ್ರೆ ಅಂಡಾಣು ಬಂದ ಮೇಲಿಂದ ಮುಂದಿನ ಮುಟ್ಟಿನವರೆಗೆ, ಒಬ್ಬೊಬ್ಬರಲ್ಲಿ ಹೆಚ್ಚುಕಡಿಮೆ ಒಂದೇ ಅಳತೆ. ಬಹಳಷ್ಟು ಜನರಲ್ಲಿ 12ರಿಂದ 14 ದಿನ. ಹಿಗ್ಗಿ ಕುಗ್ಗೋದು ಮೊದಲನೇ ಅರ್ಧ. ಜ್ವರ, ದೂರದ ಪ್ರಯಾಣ, ನೈಟ್ ಶಿಫ್ಟ್, ಮನೆಯಲ್ಲಿ ಸಾವು ನೋವು, ದಿಢೀರ್ ತೂಕ ಇಳಿಯೋದು, ಇವೆಲ್ಲ ಅಂಡಾಣು ಬರೋದನ್ನ ಒಂದು ವಾರ ಮುಂದೂಡಬಹುದು. 21ನೇ ದಿನ "ಇನ್ನು ಸೇಫ್" ಅಂತ ಲೆಕ್ಕ ಹೇಳ್ತಿರುವಾಗ ಅಂಡಾಣು 22ಕ್ಕೆ ಬರ್ತಿರುತ್ತೆ. ಕ್ಯಾಲೆಂಡರಿಗೆ ಜ್ವರ ಬಂದಿದ್ದು ಗೊತ್ತಾಗಲ್ಲ.

ಮಾತ್ರೆ ಡಬ್ಬಿ
ನೇರವಾಗಿ ಹೇಳ್ತೀನಿ, ಬೇಜಾರಾಗಬೇಡಿ. ಎರಡು ವರ್ಷ ಬೇಡ, ಹಾರ್ಮೋನೂ ಬೇಡ ಅಂದ್ರೆ ವಂಕಿ, ಅಂದ್ರೆ ಗರ್ಭಕೋಶದೊಳಗೆ ಇಡೋ ಕಾಪರ್ ಟಿ, ಹಾಕಿಸ್ಕೊಳ್ಳಿ. ಕಾಪರ್ ಟಿಯಲ್ಲಿ ಹಾರ್ಮೋನ್ ಇಲ್ಲ, ತಾಮ್ರ ಅಷ್ಟೇ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. 380ಎ ಅನ್ನೋ ಬಗೆಯದು 10 ವರ್ಷ, 375 ಅನ್ನೋದು 5 ವರ್ಷ ಕೆಲಸ ಮಾಡುತ್ತೆ, ಬೇಕಾದಾಗ ತೆಗೆಸಬಹುದು.

ನಂಬರ್ ಬೇಕು ಅಂದ್ರಲ್ಲ. ಅಮೆರಿಕದಲ್ಲಿ ಬಳಸೋ ಅಂದಾಜು ಇದು. ಒಂದು ವರ್ಷ, 100 ಹೆಂಗಸರು, ಮನೆಯಲ್ಲಿ ಎಲ್ಲರೂ ಬಳಸೋ ಹಾಗೆ ಮರೆವು ಗಿರೆವು ಸೇರಿಸಿ ಎಷ್ಟು ಜನ ಗರ್ಭಿಣಿ ಆಗ್ತಾರೆ ಅಂತ: ಏನೂ ಬಳಸದಿದ್ರೆ 85. ಕೊನೆ ಗಳಿಗೆಯಲ್ಲಿ ಹೊರತೆಗೆಯೋದು 20. ನಿರೋಧ್ 13. ಮಾತ್ರೆ 7. ಮೂರು ತಿಂಗಳ ಇಂಜೆಕ್ಷನ್ 4. ಕಾಪರ್ ಟಿ 0.8. ಹೆಂಗಸರ ಆಪರೇಷನ್ 0.5, ಗಂಡಸರದ್ದು 0.15. ನಿಸರ್ಗ ವಿಧಾನಕ್ಕೆ 2ರಿಂದ 23 ಅಂತ ಬರೀತಾರೆ. ಇಷ್ಟು ಅಗಲದ ಅಂತರ ಇರೋದನ್ನ ನಂಬಿ ಕೂರೋದು ಹೇಗೆ?

ಶರಾವತಿ
ಆ 2ರಿಂದ 23 ಅನ್ನೋದರಲ್ಲೇ ಉತ್ತರ ಇದೆ ಡಬ್ಬಿ ಅವರೇ. ನಿಸರ್ಗ ವಿಧಾನ ಅಂದ್ರೆ ಒಂದಲ್ಲ, ನಾಲ್ಕೈದು. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ "ಸೇಫ್ ಡೇಸ್" ಅಂತ ಹೆಸರಿಟ್ಟು ಸೋತಾಗ ಬೈಯೋದು ಸರಿಯಲ್ಲ. ಬರೀ ದಿನ ಎಣಿಸೋದು ಒಂದು. ಲೋಳೆ ನೋಡೋದು ಇನ್ನೊಂದು, ಅದೊಂದನ್ನೇ ನಂಬಿದ್ರೆ ಆ 23. ಬೆಳಗಿನ ಮೈಬಿಸಿ ಅಳೆಯೋದು ಮತ್ತೊಂದು. ಲೋಳೆ ಮತ್ತು ಮೈಬಿಸಿ ಎರಡನ್ನೂ ತಾಳೆ ಹಾಕಿ ನೋಡೋದೇ 2 ಅನ್ನೋ ಅಂಕಿಯ ವಿಧಾನ. ಎಲ್ಲೂ ತಪ್ಪದೆ ಮಾಡಿದ್ರೆ 0.4. ಜರ್ಮನಿಯಲ್ಲಿ 900 ಹೆಂಗಸರನ್ನ ಗಮನಿಸಿದ ಅಧ್ಯಯನದಲ್ಲಿ ಬಂದ ಅಂಕಿ ಅದು, 2007ರಲ್ಲಿ ಪ್ರಕಟ ಆಯ್ತು.

ಮಾತ್ರೆ ಡಬ್ಬಿ
ಆ 900 ಜನ ಸರಿಯಾಗಿ ಪಾಠ ಹೇಳಿಸ್ಕೊಂಡು, ದಿನಾ ಚಾರ್ಟ್ ಬರೆದೋರು. ಯೂಟ್ಯೂಬ್ ನೋಡಿ ಶುರುಮಾಡೋರಿಗೆ ಆ 2 ಅನ್ವಯ ಆಗಲ್ಲ.

ಶರಾವತಿ
ಒಪ್ತೀನಿ. ಕಲಿಸೋರು ಬೇಕು, ಮೊದಲ ಮೂರು ಚಕ್ರ ಬರೀ ಬರೆಯೋದಕ್ಕೆ, ನಂಬೋದಕ್ಕಲ್ಲ. ಆ ಮೂರೂ ತಿಂಗಳು ಪ್ರತಿ ಸಲ ನಿರೋಧ್ ಇರಲಿ.

ಲೋಳೆ ನೋಡೋದು ಹೇಗೆ ಅಂತ ಹೇಳ್ತೀನಿ, ಏಕೆಂದ್ರೆ "ಬಿಳಿ ಹೋಗುತ್ತೆ" ಅಂತ ಒಂದೇ ಮಾತಲ್ಲಿ ಮುಗಿಸಿಬಿಡ್ತಾರೆ, ಅದರಲ್ಲಿ ಮೂರು ನಾಲ್ಕು ಬಗೆ ಇದೆ. ಮೂತ್ರಕ್ಕೆ ಹೋಗೋ ಮುಂಚೆ ಪ್ರತಿ ಸಲ ಟಿಶ್ಯೂ ಅಥವಾ ಒಗೆದ ಬಿಳಿ ಬಟ್ಟೆಯಿಂದ ಮುಂದಿಂದ ಹಿಂದಕ್ಕೆ ಒರೆಸಿ. ಮುಟ್ಟು ನಿಂತ ಮೇಲೆ ಕೆಲವು ದಿನ ಏನೂ ಇರಲ್ಲ, ಒಣ. ಆಮೇಲೆ ಮೈದಾ ಅಂಟಿನ ಹಾಗೆ ದಪ್ಪ, ಬೆರಳಿಗೆ ಅಂಟಿ ಮುರಿದುಹೋಗುತ್ತೆ. ಆಮೇಲೆ ಕೆನೆಯ ಹಾಗೆ. ಕೊನೆಗೆ ಹಸಿ ಮೊಟ್ಟೆಯ ಬಿಳಿಯ ಹಾಗೆ, ಮೊಟ್ಟೆ ಮುಟ್ಟದೋರಿಗೆ ಹೇಳೋದಾದ್ರೆ ಲೋಳೆಸರ ಸೀಳಿದಾಗ ಬರೋ ಹಾಗೆ: ಪಾರದರ್ಶಕ, ಜಾರುತ್ತೆ, ಎರಡು ಬೆರಳ ನಡುವೆ ಎಳೆದ್ರೆ ಒಂದಂಗುಲ ದಾರ ಬರುತ್ತೆ. ಒರೆಸುವಾಗ ಬಟ್ಟೆ ಜಾರಿದ ಹಾಗೆ ಅನ್ನಿಸೋದೂ ಇದೇ ಗುರುತು.

ಈ ಜಾರೋ ಲೋಳೆಯ ಕೊನೆಯ ದಿನಕ್ಕೆ ಶಿಖರ ದಿನ ಅಂತಾರೆ. ಅದು ಕೊನೆಯದು ಅಂತ ಗೊತ್ತಾಗೋದು ಮಾರನೇ ದಿನ ಮತ್ತೆ ಒಣಗಿದಾಗ. ಶಿಖರದ ನಂತರ ಮೂರು ದಿನ ಪೂರ್ತಿ ಬಿಡಬೇಕು. ಮುಟ್ಟಿನ ನಂತರ ಯಾವ ಬಗೆಯ ಲೋಳೆ ಕಂಡರೂ, ಅಂಟಿನಂಥದ್ದಾದ್ರೂ ಸರಿ, ಅಂದಿನಿಂದಲೇ ಕಿಟಕಿ ತೆರೀತು ಅಂತ ತಿಳೀಬೇಕು.

ಕರಾವಳಿ ಗಾಳಿ
ಮಾರಾಯ್ರೆ, ಇದರಲ್ಲಿ ಮೋಸ ಹೋಗುವ ಜಾಗ ಸುಮಾರು ಉಂಟು. ಹಿಂದಿನ ರಾತ್ರಿಯ ವೀರ್ಯ ಬೆಳಿಗ್ಗೆ ಲೋಳೆಯ ಹಾಗೇ ಕಾಣ್ತದೆ. ಅದಕ್ಕೇ ಮೊದಲ ಅರ್ಧದ ಒಣ ದಿನಗಳಲ್ಲಿ ದಿನ ಬಿಟ್ಟು ದಿನ, ಅದೂ ಸಂಜೆ ಮೇಲೆ ಮಾತ್ರ ಅಂತ ನಿಯಮ ಇರುವುದು. ನಿರೋಧಿನ ಮೇಲಿನ ಜಾರುವ ಎಣ್ಣೆಯೂ ಗೊಂದಲ ಮಾಡ್ತದೆ. ಶೀತದ ಮಾತ್ರೆ ಲೋಳೆ ಒಣಗಿಸ್ತದೆ. ತುರಿಕೆ, ಮೊಸರು ಒಡೆದ ಹಾಗೆ ಬಿಳಿ, ಮೀನಿನ ವಾಸನೆ ಇದ್ದರೆ ಅದು ಸೋಂಕು, ಚಾರ್ಟ್ ನಿಲ್ಲಿಸಿ ಮೊದಲು ಚಿಕಿತ್ಸೆ.

ಹೊಂಬಿಸಿಲು
ಮೈಬಿಸಿ ಅಳೆಯೋಕೆ ಜ್ವರದ ಥರ್ಮಾಮೀಟರ್ ಸಾಕಾ? ಬೇರೆ ಕೊಳ್ಳಬೇಕಾ?

ವಾರ್ಡ್ ನಂಬರ್ 4
ಎರಡು ದಶಾಂಶ ತೋರಿಸೋ ಬೇಸಲ್ ಥರ್ಮಾಮೀಟರ್ ಸಿಕ್ರೆ ಒಳ್ಳೇದು. ಸಿಗದಿದ್ರೆ ಫ್ಯಾರನ್‌ಹೀಟ್‌ನಲ್ಲಿ 0.1 ಮೆಟ್ಟಿಲು ತೋರಿಸೋ ಮಾಮೂಲಿ ಡಿಜಿಟಲ್ ನಡೆಯುತ್ತೆ, ಆ ಒಂದು ಮೆಟ್ಟಿಲು ಸೆಲ್ಸಿಯಸ್‌ನ ಸುಮಾರು 0.05ಕ್ಕೆ ಸಮ. ಹಣೆಗೆ ಹಿಡಿಯೋದು ಬೇಡವೇ ಬೇಡ.

ಎದ್ದ ತಕ್ಷಣ, ಹಾಸಿಗೆಯಿಂದ ಇಳಿಯೋ ಮುಂಚೆ, ನೀರು ಕುಡಿಯೋ ಮುಂಚೆ, ಮಾತಾಡೋಕೂ ಮುಂಚೆ ನಾಲಿಗೆಯ ಕೆಳಗೆ. ಬೀಪ್ ಬಂದ ಮೇಲೂ ತೆಗೀಬೇಡಿ, ದಿನಾ ಮೂರು ನಿಮಿಷ ಒಂದೇ ಸಮ ಇಡಿ. ಅದಕ್ಕೂ ಮುಂಚೆ ಕನಿಷ್ಠ 3 ಗಂಟೆ ಸತತ ನಿದ್ದೆ ಆಗಿರಬೇಕು. ಮಗು ರಾತ್ರಿ ನಾಲ್ಕು ಸಲ ಎಬ್ಬಿಸೋ ಮನೆಯಲ್ಲಿ ಈ ಒಂದು ಷರತ್ತಿಗೇ ಇಡೀ ವಿಧಾನ ಬಿದ್ದುಹೋಗುತ್ತೆ.

ಒಂದು ಉದಾಹರಣೆ ಓದೋಣ. 12ನೇ ದಿನದಿಂದ 17ರವರೆಗೆ ಆರು ದಿನ: 97.1, 97.2, 97.0, 97.1, 97.2, 97.0. ಇದರಲ್ಲಿ ಮೇಲಿನದು 97.2, ಅಲ್ಲಿ ಒಂದು ಗೆರೆ ಎಳೀರಿ. 18ಕ್ಕೆ 97.5, 19ಕ್ಕೆ 97.6, 20ಕ್ಕೆ 97.7. ಮೂರೂ ಗೆರೆಯ ಮೇಲಿವೆ, ಮೂರನೆಯದು ಗೆರೆಗಿಂತ ಕನಿಷ್ಠ 0.4 ಮೇಲಿದೆ. ಸೆಲ್ಸಿಯಸ್ ಆದ್ರೆ 0.2. ಲೋಳೆಯ ಶಿಖರ 17ಕ್ಕೆ ಆಗಿದ್ರೆ ಅದರ ಮೂರನೇ ದಿನವೂ 20ಕ್ಕೇ ಬೀಳುತ್ತೆ. ಎರಡೂ ಒಪ್ಪಿದವು, 20ರ ಸಂಜೆಯಿಂದ ಮುಂದಿನ ಮುಟ್ಟಿನವರೆಗೆ ಗರ್ಭ ನಿಲ್ಲದ ಕಾಲ. ಒಪ್ಪದಿದ್ರೆ ಯಾವುದು ತಡವೋ ಅದನ್ನೇ ಹಿಡೀಬೇಕು. ಬಿಸಿ ಏರಿದ್ದೇ ಕಾಣದಿದ್ರೆ ಆ ತಿಂಗಳು ಪೂರ್ತಿ ಎಚ್ಚರದ ತಿಂಗಳು.

ಜ್ವರ, ರಾತ್ರಿ ಕುಡಿದದ್ದು, ತಡವಾಗಿ ಎದ್ದದ್ದು ಇದ್ರೆ ಆ ಅಂಕಿಯ ಸುತ್ತ ಗುಂಡು ಸುತ್ತಿ ಪಕ್ಕದಲ್ಲಿ ಕಾರಣ ಬರೀರಿ, ಲೆಕ್ಕಕ್ಕೆ ತಗೋಬೇಡಿ.

ಧಾರವಾಡ ಪೇಡಾ
ಒಂದು ಮಾತು ಬಿಟ್ರಿ. ಮೈಬಿಸಿ ಏರೋದು ಅಂಡಾಣು ಬಂದ ಮ್ಯಾಲ. ಹಿಂದಿನ ಐದು ದಿನ ಏನಾತು ಅನ್ನೋದನ್ನ ಅದು ತಡದು ಹೇಳ್ತದ, ಮುಂಚಿತ ಹೇಳೂದಿಲ್ಲ. ಅದಕ್ಕ ಬರೀ ಬಿಸಿ ನೋಡೋರು ಚಕ್ರದ ಎರಡನೇ ಅರ್ಧ ಅಷ್ಟ ನಂಬಬೇಕು.

ಹಳೇ ಕಡತ
ವಿಷಯ ಸ್ವಲ್ಪ ಆಚೆ ಹೋಗುತ್ತೆ, ಆದ್ರೂ ಇದು ನಮ್ಮ ನೆಲದ್ದೇ ಕಥೆ. ಈ ದಿನ ಎಣಿಸೋ ವಿಧಾನವನ್ನ ಸರ್ಕಾರದ ಮಟ್ಟದಲ್ಲಿ ಪರೀಕ್ಷೆ ಮಾಡಿದ್ದು ರಾಮನಗರದಲ್ಲಿ. ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ವಿಶ್ವ ಆರೋಗ್ಯ ಸಂಸ್ಥೆಯ ನೆರವು ಕೇಳಿದ್ರು, ಅಮೆರಿಕದ ಡಾ. ಅಬ್ರಹಾಂ ಸ್ಟೋನ್ ಬಂದ್ರು, 1950ರ ದಶಕದ ಆರಂಭದಲ್ಲಿ ದೆಹಲಿಯ ಲೋದಿ ಕಾಲೊನಿ ಮತ್ತು ಮೈಸೂರು ರಾಜ್ಯದ ರಾಮನಗರದಲ್ಲಿ ಪ್ರಯೋಗ ಶುರುವಾಯ್ತು. ಓದು ಬಾರದೋರಿಗೂ ಎಣಿಕೆ ಸಿಗಲಿ ಅಂತ ಬಣ್ಣದ ಮಣಿಸರ ಕೊಟ್ರು. ಕೆಂಪು ಮಣಿಯ ದಿನ ದೂರ, ಹಸಿರು ಮಣಿಯ ದಿನ ಅಡ್ಡಿಯಿಲ್ಲ, ದಿನಕ್ಕೊಂದು ಮಣಿ ಸರಿಸೋದು. ಕೊನೆಯವರೆಗೆ ಅನುಸರಿಸಿದೋರು ಕಡಿಮೆ, ಪ್ರಯೋಗ ಕೈಹಿಡೀಲಿಲ್ಲ.

ಅದಕ್ಕೂ ಎರಡು ದಶಕ ಮುಂಚೆ, 1930ರಲ್ಲೇ, ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭನಿರೋಧ ಕ್ಲಿನಿಕ್ ತೆರೆಯೋಕೆ ಮೈಸೂರು ಸಂಸ್ಥಾನ ಆದೇಶ ಹೊರಡಿಸಿತ್ತು ಅನ್ನೋದೂ ನೆನಪಿರಲಿ.

ಲೆಕ್ಕದ ಪುಸ್ತಕ
ಆ ಮಣಿಸರ ಇನ್ನೊಂದು ರೂಪದಲ್ಲಿ ವಾಪಸ್ ಬಂದಿದೆ. ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದೋರು ರೂಪಿಸಿದ 32 ಮಣಿಯ ಸರ, ಜಾರ್ಖಂಡ್ ಕಡೆ ಮಾಲಾ ಚಕ್ರ ಅಂತ ಹಂಚಿದ್ರು. ಒಂದು ಕೆಂಪು ಮಣಿ, ಮುಟ್ಟಿನ ಮೊದಲ ದಿನ ಕಪ್ಪು ರಬ್ಬರ್ ಉಂಗುರ ಅದರ ಮೇಲೆ. ಆಮೇಲೆ 6 ಕಂದು, 12 ಬಿಳಿ, 13 ಕಂದು. ಬಿಳಿ ಅಂದ್ರೆ 8ರಿಂದ 19ನೇ ದಿನ, ಅಷ್ಟೂ ದಿನ ಎಚ್ಚರ. ಕತ್ತಲಲ್ಲೂ ಗೊತ್ತಾಗಲಿ ಅಂತ ಬಿಳಿ ಮಣಿ ಹೊಳೆಯೋ ಹಾಗೆ ಮಾಡಿದ್ದಾರೆ. 27ನೇ ಮಣಿ ಕಡು ಕಂದು: ಅದನ್ನ ತಲುಪೋ ಮುಂಚೆ ಮುಟ್ಟಾದ್ರೆ ಚಕ್ರ 26ಕ್ಕಿಂತ ಚಿಕ್ಕದು ಅಂತ ಅರ್ಥ. ಕೊನೆಯ ಮಣಿ ದಾಟಿದ ಮಾರನೇ ದಿನವೂ ಮುಟ್ಟಾಗದಿದ್ರೆ 32ಕ್ಕಿಂತ ಉದ್ದ. ವರ್ಷದಲ್ಲಿ ಎರಡು ಸಲ ಹೀಗಾದ್ರೆ ಈ ಸರ ನಿಮಗಲ್ಲ. ತಪ್ಪದೆ ಬಳಸಿದ್ರೆ 100ರಲ್ಲಿ 5, ಮಾಮೂಲಿ ಬಳಕೆಯಲ್ಲಿ 12.

ಹೊಂಬಿಸಿಲು ಅವರೇ, ನಿಮ್ಮ 27–31 ಇದರೊಳಗೆ ಬರುತ್ತೆ. ನನ್ನ ಸೂತ್ರ 9–20 ಅನ್ನುತ್ತೆ, ಸರ 8–19 ಅನ್ನುತ್ತೆ. ಎರಡನ್ನೂ ಸೇರಿಸಿ 8–20 ಅಂತ ಇಟ್ಕೊಳ್ಳಿ.

ತುಂಗಾತೀರ
ಪಿಸಿಒಡಿ (ಅಂಡಾಶಯದ ತೊಂದರೆಯಿಂದ ಮುಟ್ಟು ಏರುಪೇರಾಗೋದು) ಇರೋರು ಏನ್ ಮಾಡ್ಬೇಕು? ಮೆಡಿಕಲ್ ಶಾಪಲ್ಲಿ ಅಂಡೋತ್ಪತ್ತಿ ಸ್ಟ್ರಿಪ್ ಸಿಗುತ್ತಲ್ಲ.

ವಾರ್ಡ್ ನಂಬರ್ 4
35, 60, 42 ದಿನ ಅಂತ ಓಡೋ ಚಕ್ರಕ್ಕೆ ದಿನ ಎಣಿಸೋ ವಿಧಾನ ಮುಟ್ಟಲೇಬಾರದು. ಸ್ಟ್ರಿಪ್ ಇರೋದು ಮಗು ಬೇಕು ಅನ್ನೋರಿಗೆ. ಅದು ಗೆರೆ ತೋರಿಸಿದ ಮೇಲೆ 24ರಿಂದ 36 ಗಂಟೆಯಲ್ಲಿ ಅಂಡಾಣು ಬರುತ್ತೆ, ಆದ್ರೆ ಮೂರು ದಿನದ ಹಿಂದಿನ ವೀರ್ಯಾಣು ಆಗಲೇ ಒಳಗೆ ಕಾಯ್ತಿರುತ್ತೆ. ಗರ್ಭ ಬೇಡ ಅನ್ನೋರಿಗೆ ಈ ಎಚ್ಚರಿಕೆ ತಡವಾಯ್ತು. ಜೊತೆಗೆ ಪಿಸಿಒಡಿಯಲ್ಲಿ ಸ್ಟ್ರಿಪ್ ಗುರುತಿಸೋ ಎಲ್‌ಎಚ್ ಹಾರ್ಮೋನ್ ಮೊದಲೇ ಜಾಸ್ತಿ ಇದ್ದು ಸ್ಟ್ರಿಪ್ ಸುಮ್ಮಸುಮ್ಮನೆ ಗೆರೆ ತೋರಿಸಬಹುದು.

ಆ್ಯಪಿನ ಪ್ರಶ್ನೆಗೂ ಇದೇ ಉತ್ತರ. ಬಹಳಷ್ಟು ಆ್ಯಪ್ ಮುಂದಿನ ಮುಟ್ಟಿನ ತಾರೀಖು ಊಹಿಸಿ, ಅದರಿಂದ 14 ದಿನ ಹಿಂದೆ ಎಣಿಸಿ ಬಣ್ಣ ಹಚ್ಚುತ್ತೆ. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಗರ್ಭನಿರೋಧ ಸಾಧನ ಅಂತ ಅನುಮತಿ ಕೊಟ್ಟ ನ್ಯಾಚುರಲ್ ಸೈಕಲ್ಸ್ ಆ್ಯಪ್ ನಿಂತಿರೋದು ಮೈಬಿಸಿಯ ಮೇಲೆ, ಬರೀ ತಾರೀಖಿನ ಮೇಲಲ್ಲ.

ಧಾರವಾಡ ಪೇಡಾ
ಹಳ್ಳ್ಯಾಗ ಇನ್ನೂ ಒಂದು ನಂಬಿಕೆ ಅದ ನೋಡ್ರಿ, ಬಾಣಂತನ ಆದ ಮ್ಯಾಲ ಒಂದು ಔಡಲ ಬೀಜ ನುಂಗಿದ್ರ ಒಂದು ವರ್ಷ ಬಸರ ಆಗೂದಿಲ್ಲ ಅಂತ. ದಯವಿಟ್ಟು ಯಾರೂ ಮಾಡಬ್ಯಾಡ್ರಿ. ಔಡಲ ಬೀಜದಾಗ ರಿಸಿನ್ ಅನ್ನೂ ವಿಷ ಅದ, ಅಗದ್ರ ಜೀವಕ್ಕ ಅಪಾಯ. ಪಪ್ಪಾಯಿ, ಎಳ್ಳು, ಬೆಲ್ಲ ತಿಂದ್ರ ಮುಟ್ಟು ಬರ್ತದ ಅನ್ನೂದೂ ನಂಬೂ ಮಾತಲ್ಲ. ಅದನ್ನ ನಂಬಿ ಎರಡು ತಿಂಗಳು ಕಾಯ್ತಾರ, ಅಷ್ಟರಾಗ ಗರ್ಭ ತೆಗಸೋ ಸುಲಭ ದಾರಿ ಮುಚ್ಚಿರ್ತದ.

ತುಂಗಾತೀರ
ಹಾಲು ಕುಡಿಸ್ತಿರೋವರೆಗೂ ನಿಲ್ಲಲ್ಲ ಅಂತಾರಲ್ಲ, ಅದು?

ಶರಾವತಿ
ಅದು ನಿಜ, ಆದ್ರೆ ಮೂರು ಷರತ್ತು ಒಟ್ಟಿಗೆ ಇದ್ದಾಗ ಮಾತ್ರ. ಮಗುವಿಗೆ ಆರು ತಿಂಗಳು ತುಂಬಿರಬಾರದು. ಮುಟ್ಟು ವಾಪಸ್ ಬಂದಿರಬಾರದು. ಮಗುವಿಗೆ ಎದೆಹಾಲು ಬಿಟ್ಟು ಬೇರೇನೂ ಕೊಡ್ತಿರಬಾರದು, ಹಗಲು 4 ಗಂಟೆ, ರಾತ್ರಿ 6 ಗಂಟೆಗಿಂತ ಹೆಚ್ಚು ಅಂತರ ಬೀಳಬಾರದು. ಮೂರೂ ಇದ್ರೆ 98 ಶೇಕಡಾ ರಕ್ಷಣೆ, 1988ರಲ್ಲಿ ಇಟಲಿಯ ಬೆಲಾಜಿಯೊದಲ್ಲಿ ತಜ್ಞರು ಕೂತು ಒಪ್ಪಿದ ಮಾತು.

ನಾಲ್ಕನೇ ತಿಂಗಳಿಗೇ ಬಾಟಲಿ ಹಾಲು ಅಥವಾ ರಾಗಿ ಸರಿ ಶುರು ಮಾಡಿದ ದಿನ ರಕ್ಷಣೆ ಮುಗೀತು. ಕೆಲಸಕ್ಕೆ ಹೋಗಿ ಹಾಲು ಹಿಂಡಿಟ್ಟು ಕುಡಿಸೋರಿಗೂ ಇಷ್ಟು ಭರವಸೆ ಇಲ್ಲ, ಮಗು ಚೀಪೋದರಿಂದ್ಲೇ ಅಂಡಾಣು ತಡೆಯೋದು. "ಇನ್ನೂ ಮುಟ್ಟೇ ಆಗಿಲ್ಲ" ಅಂತ ಎಂಟನೇ ತಿಂಗಳಲ್ಲಿ ಧೈರ್ಯದಿಂದ ಇರೋದು ದೊಡ್ಡ ತಪ್ಪು. ಮೊದಲ ಮುಟ್ಟಿಗೆ ಎರಡು ವಾರ ಮುಂಚೆಯೇ ಅಂಡಾಣು ಬಂದಿರಬಹುದು.

ಮಾತ್ರೆ ಡಬ್ಬಿ
ಹಾಲೂಡಿಸೋ ತಾಯಂದಿರು ಆರು ತಿಂಗಳವರೆಗೆ ಮಾಲಾ ಎನ್ ಥರದ ಮಾತ್ರೆ ತಗೋಬಾರದು, ಅದರಲ್ಲಿ ಈಸ್ಟ್ರೊಜೆನ್ ಹಾರ್ಮೋನ್ ಇದೆ. ವಂಕಿ, ಛಾಯಾ ಅನ್ನೋ ಮಾತ್ರೆ ಇದಕ್ಕೆ ಸರಿ. ಹೆರಿಗೆ ಆದ 48 ಗಂಟೆಯೊಳಗೇ ವಂಕಿ ಹಾಕಿಸಬಹುದು, ಸಿಸೇರಿಯನ್ ಆದ್ರೆ ಆಗಲೇ ಹಾಕ್ತಾರೆ.

ಹೊಂಬಿಸಿಲು
ಛಾಯಾದಲ್ಲಿ ಹಾರ್ಮೋನ್ ಇಲ್ವಾ?

ಮಾತ್ರೆ ಡಬ್ಬಿ
ಇಲ್ಲ. ಲಕ್ನೋದ ಔಷಧಿ ಸಂಶೋಧನಾ ಸಂಸ್ಥೆ ಸಿಡಿಆರ್‌ಐನಲ್ಲಿ ಕಂಡುಹಿಡಿದ ಔಷಧಿ, ಅಂಗಡಿಯಲ್ಲಿ ಸಹೇಲಿ ಅಂತ ಬರ್ತಿತ್ತು, ಸರ್ಕಾರಿ ಕಾರ್ಯಕ್ರಮದಲ್ಲಿ ಛಾಯಾ. 30 ಮಿ.ಗ್ರಾಂ ಮಾತ್ರೆ. ಮುಟ್ಟಿನ ಮೊದಲ ದಿನ ಶುರು. ಮೊದಲ ಮೂರು ತಿಂಗಳು ವಾರಕ್ಕೆ ಎರಡು: ಭಾನುವಾರ ಶುರುವಾದ್ರೆ ಮುಂದಿನದು ಬುಧವಾರ. ನಾಲ್ಕನೇ ತಿಂಗಳಿಂದ ವಾರಕ್ಕೆ ಒಂದು, ಮೊದಲ ಮಾತ್ರೆ ಭಾನುವಾರ ಆಗಿದ್ರೆ ಪ್ರತಿ ಭಾನುವಾರವೇ. ಮರೆತು ಏಳು ದಿನದೊಳಗೆ ನೆನಪಾದ್ರೆ ತಕ್ಷಣ ತಗೊಂಡು, ಮುಂದಿನ ಮುಟ್ಟಿನವರೆಗೆ ನಿರೋಧ್ ಬಳಸಿ. ಏಳು ದಿನ ದಾಟಿದ್ರೆ ಮತ್ತೆ ಮೊದಲಿಂದ, ವಾರಕ್ಕೆರಡರ ಲೆಕ್ಕ. ಪಿಸಿಒಡಿ ಇರೋರಿಗೆ, ಇತ್ತೀಚೆಗೆ ಕಾಮಾಲೆ ಆದೋರಿಗೆ, ಕಿಡ್ನಿ ತೊಂದರೆ, ಟಿಬಿ ಇರೋರಿಗೆ ಕೊಡಲ್ಲ.

ಒಂದು ಎಚ್ಚರಿಕೆ: ಇದು ಮುಟ್ಟನ್ನ ಮುಂದೂಡುತ್ತೆ. ಛಾಯಾ ತಗೊಂಡು ಜೊತೆಗೆ ಸೇಫ್ ಡೇಸ್ ಎಣಿಸ್ತೀನಿ ಅಂದ್ರೆ ಆ ಎಣಿಕೆಗೆ ಅರ್ಥ ಇಲ್ಲ. 15 ದಿನಕ್ಕಿಂತ ತಡ ಆದ್ರೆ ಮನೆಯಲ್ಲೇ ಪ್ರೆಗ್ನೆನ್ಸಿ ಟೆಸ್ಟ್ ಮಾಡಿ.

ಕರಾವಳಿ ಗಾಳಿ
ವಂಕಿಯದ್ದು ಬರೀ ಒಳ್ಳೆಯದೇ ಹೇಳಿದಿರಿ. ಮೊದಲ ಮೂರರಿಂದ ಆರು ತಿಂಗಳು ಮುಟ್ಟು ಜಾಸ್ತಿ ಹೋಗ್ತದೆ, ಹೊಟ್ಟೆನೋವು ಬರ್ತದೆ. ಹಿಮೋಗ್ಲೋಬಿನ್ ಮೊದಲೇ 8, 9 ಇರುವವರಿಗೆ ಇದು ಸಣ್ಣ ಮಾತಲ್ಲ, ಮೊದಲು ಆ ಹಿಮೋಗ್ಲೋಬಿನ್ ಅಂಕಿ ಏರಿಸಿಕೊಳ್ಳಬೇಕು. ಮೊದಲ ವರ್ಷ ತಾನಾಗಿ ಜಾರಿ ಬೀಳುವುದೂ ಉಂಟು. ಪ್ರತಿ ಮುಟ್ಟು ಮುಗಿದ ಮೇಲೆ ಕೈ ತೊಳೆದು ಬೆರಳಿಂದ ದಾರ ಮುಟ್ಟಿ ನೋಡಬೇಕು. ದಾರ ಸಿಗದಿದ್ದರೆ, ಉದ್ದ ಆಗಿದ್ದರೆ, ಗಟ್ಟಿ ತುದಿ ತಾಗಿದರೆ ಆಸ್ಪತ್ರೆಗೆ. ಇದನ್ನು ಹೇಳದೆ ಹಾಕಿ ಕಳಿಸಿದರೆ ಹೆಂಗಸರು ಹೆದರಿ ಎರಡೇ ತಿಂಗಳಲ್ಲಿ ತೆಗೆಸ್ತಾರೆ.

ಮಾತ್ರೆ ಡಬ್ಬಿ
ಸರಿ, ಇದನ್ನ ನಾನೇ ಹೇಳಬೇಕಿತ್ತು. ಇಂಜೆಕ್ಷನ್ ಬಗ್ಗೆಯೂ ಒಂದು ಮಾತು: ಅಂತರಾ ಮೂರು ತಿಂಗಳಿಗೊಮ್ಮೆ, ಆದ್ರೆ ನಿಲ್ಲಿಸಿದ ಮೇಲೆ ಗರ್ಭ ನಿಲ್ಲೋಕೆ ಕೊನೆಯ ಡೋಸಿನಿಂದ 7ರಿಂದ 10 ತಿಂಗಳು ಹಿಡಿಯಬಹುದು. ಎರಡು ವರ್ಷಕ್ಕೆ ಸರಿಯಾಗಿ ಮಗು ಬೇಕು ಅನ್ನೋರು ಇದನ್ನ ಲೆಕ್ಕಕ್ಕೆ ತಗೊಳ್ಳಿ.

ಲೆಕ್ಕದ ಪುಸ್ತಕ
ಹೊರತೆಗೆಯೋದರ ಬಗ್ಗೆ ಯಾರೂ ಮಾತಾಡಿಲ್ಲ. ಡಬ್ಬಿ ಅವರ 20 ನೋಡಿ ಅದೂ ಒಂದು ವಿಧಾನ ಅನ್ನಿಸಬಹುದು. ತಪ್ಪದೆ ಮಾಡಿದ್ರೂ 4. ಮುಂಚೆ ಬರೋ ದ್ರವದಲ್ಲೂ ಕೆಲವರಲ್ಲಿ ವೀರ್ಯಾಣು ಇರುತ್ತೆ. ಪೂರ್ತಿ ಜವಾಬ್ದಾರಿ ಗಂಡಸಿನ ಹಿಡಿತದ ಮೇಲೆ, ಪೂರ್ತಿ ಪರಿಣಾಮ ಹೆಂಗಸಿನ ಮೇಲೆ. ಏನೂ ಇಲ್ಲದಾಗ ಇದು ಮೇಲು, ಯೋಜನೆ ಮಾಡಿ ಆರಿಸೋ ವಿಧಾನ ಅಲ್ಲ.

ತುಂಗಾತೀರ
ನಿರೋಧ್ 13 ಅಂದ್ರೆ ತುಂಬಾ ಜಾಸ್ತಿ ಆಯ್ತಲ್ವಾ?

ವಾರ್ಡ್ ನಂಬರ್ 4
ಸರಿಯಾಗಿ ಬಳಸಿದ್ರೆ 2. ಮಿಕ್ಕಿದ್ದು ನಮ್ಮ ತಪ್ಪು. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚಿದ್ರೆ ಕೆಲವೇ ನಿಮಿಷದಲ್ಲಿ ಲ್ಯಾಟೆಕ್ಸ್ ಸಡಿಲ ಆಗಿ ಹರಿಯುತ್ತೆ, ನೀರಿನ ಜೆಲ್ ಮಾತ್ರ ಬಳಸಿ. ಪರ್ಸಿನಲ್ಲಿ, ಬೈಕ್ ಡಿಕ್ಕಿಯಲ್ಲಿ ಇಟ್ಟದ್ದು ಬಿಸಿಗೆ ಹಾಳಾಗಿರುತ್ತೆ. ಅರ್ಧದಲ್ಲಿ ಹಾಕೋದು, ತುದಿ ಹಿಂಡಿ ಗಾಳಿ ತೆಗೆಯದೆ ಹಾಕೋದು, ಮುಗಿದ ಮೇಲೆ ಬುಡ ಹಿಡಿಯದೆ ತೆಗೆಯೋದು, ಇವೇ ಕಾರಣ. ಮತ್ತೆ ಈ ಪಟ್ಟಿಯಲ್ಲಿ ಲೈಂಗಿಕ ಸೋಂಕು ತಡೆಯೋದು ನಿರೋಧ್ ಒಂದೇ. ವಂಕಿಯೂ ತಡೆಯಲ್ಲ, ಚಾರ್ಟೂ ತಡೆಯಲ್ಲ.

ಶರಾವತಿ
ಒಂದು ವಿಷಯ ಬಿಡಿಸಿ ಹೇಳ್ಲೇಬೇಕು. "8ರಿಂದ 20 ನಿರೋಧ್, ಮಿಕ್ಕ ದಿನ ಏನೂ ಬೇಡ" ಅಂತ ಬಹಳ ಜನ ಮಾಡ್ತಾರೆ. ತಪ್ಪಲ್ಲ, ಆದ್ರೆ ಅಪಾಯದ ದಿನಗಳಲ್ಲೇ ಪೂರ್ತಿ ಭಾರ ನಿರೋಧಿನ ಮೇಲೆ ಬೀಳುತ್ತೆ. ಅಂದು ಹರಿದ್ರೆ ಅದು ಅತಿ ಕೆಟ್ಟ ದಿನದಲ್ಲೇ ಹರಿದಿರುತ್ತೆ. ಶಿಖರದ ಹತ್ತಿರದ ಆರೇಳು ದಿನ ಪೂರ್ತಿ ಬಿಡೋ ಜೋಡಿಗೆ ಭರವಸೆ ಹೆಚ್ಚು.

ಇದಕ್ಕೆ ಗಂಡ ಒಪ್ಪಬೇಕು. ಇಡೀ ವಿಧಾನ ನಿಂತಿರೋದು ಅಲ್ಲೇ. ಹೆಂಡತಿ ದಿನಾ ಐದೂವರೆಗೆ ಥರ್ಮಾಮೀಟರ್ ಇಟ್ಕೊಂಡು ಚಾರ್ಟ್ ಬರೆದ್ರೂ, "ಇವತ್ತು ಬೇಡ" ಅನ್ನೋ ಮಾತಿಗೆ ಮನೆಯಲ್ಲಿ ಬೆಲೆ ಇಲ್ಲದಿದ್ರೆ ಈ ವಿಧಾನ ಅವಳನ್ನ ಕಾಪಾಡಲ್ಲ. ಅಂಥ ಮನೆಯಲ್ಲಿ ನಾನೂ ವಂಕಿ, ಇಂಜೆಕ್ಷನ್ನಿಗೇ ಓಟು ಹಾಕ್ತೀನಿ.

ಧಾರವಾಡ ಪೇಡಾ
ಹೌದ್ರೀ, ಇದು ಖರೇ ಮಾತು. ಚಾರ್ಟ್ ಗಂಡನ ಕೈಯಾಗ ಬರಸ್ರಿ. ಅಂಕಿ ಅವನ ಬರದ್ರ ಜವಾಬ್ದಾರಿನೂ ತಗೋತಾನ.

ಹಳೇ ಕಡತ
ಗಂಡಸರ ಮಾತು ಬಂತಲ್ಲ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿ. ದೇಶದಲ್ಲಿ ಮದುವೆಯಾದ ಹೆಂಗಸರಲ್ಲಿ ಆಪರೇಷನ್ ಆದೋರು 37.9 ಶೇಕಡಾ. ಗಂಡನಿಗೆ ಆಪರೇಷನ್ ಆದದ್ದು 0.3. ಗಂಡಸರದ್ದು ಹೊಲಿಗೆ ಇಲ್ಲದ, ಹೊಟ್ಟೆ ತೆರೆಯದ ಸಣ್ಣ ಕೆಲಸ, ಅವತ್ತೇ ಮನೆಗೆ ಹೋಗಬಹುದು.

ವಾರ್ಡ್ ನಂಬರ್ 4
ಆದ್ರೆ ಮಾಡಿಸಿದ ದಿನದಿಂದಲೇ ರಕ್ಷಣೆ ಇಲ್ಲ, ಇದನ್ನ ಮರೆತು ಗರ್ಭ ನಿಂತು, ಆಮೇಲೆ ಹೆಂಡತಿ ಮೇಲೆ ಅನುಮಾನ ಪಡೋ ಮನೆಗಳಿವೆ. ಮೂರು ತಿಂಗಳು ನಿರೋಧ್ ಬಳಸಿ, ವೀರ್ಯ ಪರೀಕ್ಷೆಯಲ್ಲಿ ವೀರ್ಯಾಣು ಇಲ್ಲ ಅಂತ ಬಂದ ಮೇಲೆ ಮಾತ್ರ ನಂಬಬೇಕು.

ತುಂಗಾತೀರ
ಇಷ್ಟೆಲ್ಲಾ ಮಾಡಿಯೂ ತಪ್ಪಿದ್ರೆ?

ಮಾತ್ರೆ ಡಬ್ಬಿ
72 ಗಂಟೆಯೊಳಗೆ ಲಿವೊನಾರ್ಜೆಸ್ಟ್ರೆಲ್ 1.5 ಮಿ.ಗ್ರಾಂ ಒಂದು ಮಾತ್ರೆ. ಎಷ್ಟು ಬೇಗನೋ ಅಷ್ಟು ಒಳ್ಳೇದು. 2 ಗಂಟೆಯೊಳಗೆ ವಾಂತಿಯಾದ್ರೆ ಇನ್ನೊಂದು ತಗೋಬೇಕು. ಅಂಡಾಣು ಬರೋದನ್ನ ಮುಂದೂಡೋದು ಅದರ ಕೆಲಸ, ನಿಂತ ಗರ್ಭವನ್ನ ತೆಗೆಯಲ್ಲ. 5 ದಿನದೊಳಗೆ ಕಾಪರ್ ಟಿ ಹಾಕಿಸಿದ್ರೆ ಅದು ಇನ್ನೂ ಗಟ್ಟಿ. ಆ ಮಾತ್ರೆ ತಗೊಂಡ ತಿಂಗಳ ಚಕ್ರ ಏರುಪೇರಾಗುತ್ತೆ, ಆ ಚಾರ್ಟನ್ನ ನಂಬಬೇಡಿ.

ಮುಟ್ಟು ಒಂದು ವಾರ ತಡವಾದ್ರೆ ಟೆಸ್ಟ್. ಗರ್ಭ ನಿಂತಿದ್ರೆ, ಬೇಡ ಅಂದ್ರೆ, ವಿಧಾನ ವಿಫಲವಾಯ್ತು ಅನ್ನೋದು ಕಾನೂನು ಒಪ್ಪೋ ಕಾರಣ. 2021ರ ತಿದ್ದುಪಡಿ ಆದ ಮೇಲೆ 20 ವಾರದವರೆಗೆ, ಮದುವೆ ಆಗದೋರಿಗೂ ಅನ್ವಯ. ಮೆಡಿಕಲ್ ಶಾಪಿನಿಂದ ಗರ್ಭಪಾತದ ಕಿಟ್ ತಂದು ಮನೆಯಲ್ಲಿ ನುಂಗಬೇಡಿ. ಟ್ಯೂಬಿನಲ್ಲಿ ಗರ್ಭ ನಿಂತಿದ್ರೆ ಆ ಮಾತ್ರೆಯಿಂದ ಹೋಗಲ್ಲ, ಒಳಗೇ ರಕ್ತಸ್ರಾವ ಆಗಿ ಜೀವಕ್ಕೇ ಬರುತ್ತೆ.

ಹೊಂಬಿಸಿಲು
ಎಲ್ಲರಿಗೂ ಧನ್ಯವಾದ. ಸದ್ಯಕ್ಕೆ ಇಷ್ಟು: ಮೂರು ಚಕ್ರ ಬರೀ ಚಾರ್ಟ್, ಪ್ರತಿ ಸಲ ನಿರೋಧ್, ಅಂಕಿ ಬರೆಯೋದು ಗಂಡ. ಹಿಮೋಗ್ಲೋಬಿನ್ ಟೆಸ್ಟ್ ಮಾಡಿಸಿ ವಂಕಿ ಬಗ್ಗೆ ಡಾಕ್ಟರ್ ಹತ್ರ ಕೇಳೋದು. ಮೂರು ಚಕ್ರದಲ್ಲಿ ಬಿಸಿ ಸರಿಯಾಗಿ ಏರಿದ್ದು ಕಾಣದಿದ್ರೆ ವಂಕಿಯೇ. ಒಂದು ಅನುಮಾನ ಉಳೀತು. ಮುಟ್ಟಿಗೆ ಎರಡು ದಿನ ಮುಂಚೆ ಕಂದು ಕಲೆ ಕಾಣುತ್ತಲ್ಲ, 1ನೇ ದಿನ ಅದಾ, ಆಮೇಲಿಂದಾ?

ಲೆಕ್ಕದ ಪುಸ್ತಕ
ಪ್ಯಾಡ್ ಬೇಕಾಗೋ ಹಾಗೆ ಕೆಂಪಾಗಿ ಹರಿಯೋಕೆ ಶುರುವಾದ ದಿನವೇ 1. ಕಂದು ಕಲೆಯ ಎರಡು ದಿನ ಹಿಂದಿನ ಚಕ್ರಕ್ಕೆ ಸೇರಿಸಿ. ಹಿಂದಿನ ಆರು ತಿಂಗಳು ಕಲೆಯಿಂದ ಎಣಿಸಿದ್ರೆ ಆ 27, 31 ಎಲ್ಲ ಒಂದೆರಡು ದಿನ ಆಚೀಚೆ ಆಗಿರುತ್ತೆ, 8–20 ಹಿಡಿಯೋ ಮುಂಚೆ ಒಮ್ಮೆ ತಿದ್ದಿಕೊಳ್ಳಿ.